ಲೆಕ್ಕದ ಕಂಪ್ಯೂಟರ್‌ಗೆ ಇಂಟರ್‌ನೆಟ್ ಬಂದ್: ರೂಟರ್, ಫೈರ್‌ವಾಲ್, ಇಲ್ಲಾ ಖಾಲಿ ಗೇಟ್‌ವೇ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಖಾಲಿ ಗೇಟ್‌ವೇಗೆ, ಅಂದರೆ ಹೊರಗಿನ ಇಂಟರ್‌ನೆಟ್‌ಗೆ ಹೋಗುವ ಬಾಗಿಲಿನ ವಿಳಾಸವನ್ನು ಆ ಕಂಪ್ಯೂಟರ್‌ನ ಸೆಟ್ಟಿಂಗ್‌ನಲ್ಲಿ ಬರೆಯದೇ ಬಿಡುವುದಕ್ಕೆ. ಒಂದು ರೂಪಾಯಿ ಖರ್ಚಿಲ್ಲ, ರೂಟರ್ ತಂಟೆಗೆ ಹೋಗಬೇಕಾಗಿಲ್ಲ, ಕರೆಂಟ್ ಹೋಗಿ ಬಂದರೂ ಸೆಟ್ಟಿಂಗ್ ಅಲುಗಾಡಲ್ಲ. ಇಷ್ಟು ಸುಲಭದ ದಾರಿ ಇರುವಾಗ, ಡಬ್ಬಿ ಮೇಲೆ ‘ಪೇರೆಂಟಲ್ ಕಂಟ್ರೋಲ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ ರೂಟರ್‌ಗೆ ಎರಡು ಸಾವಿರದ ಮೇಲೆ ಸುರಿದಿದ್ದೂ ಆಯಿತು. ಅದರ ಕಥೆ ಮುಂದಿದೆ.

ನಮ್ಮದು ಕಲಬುರಗಿ ಗಂಜ್‌ನಲ್ಲಿ ತೊಗರಿ ವ್ಯಾಪಾರ. ಲೆಕ್ಕಪತ್ರ ಎಲ್ಲಾ ಮನೆಯ ಮುಂದಿನ ಕೋಣೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ. ಅದರಲ್ಲಿರುವುದು ವಿಂಡೋಸ್ 7. 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದೆ. ಕ್ರೋಮ್ ಕೂಡ 109ನೇ ಆವೃತ್ತಿಗೇ ಕೈ ಬಿಟ್ಟಿದೆ. ಬದಲಾಯಿಸೋಣ ಅಂದರೆ ಹಳೇ ಲೆಕ್ಕದ ಸಾಫ್ಟ್‌ವೇರ್, ನುಡಿಯಲ್ಲಿ ಟೈಪ್ ಮಾಡಿಟ್ಟ ಪತ್ರಗಳು, ಎಲ್ಲಾ ಅದಕ್ಕೇ ಅಂಟಿಕೊಂಡಿವೆ. ಇಂಥ ಮಷಿನ್ ಇಂಟರ್‌ನೆಟ್‌ನಲ್ಲಿ ಇರಬಾರದು. ಹಾಗಂತ ಕೇಬಲ್ ಕಿತ್ತುಹಾಕುವ ಹಾಗೂ ಇಲ್ಲ. ಪ್ರಿಂಟರ್ ಇರುವುದು ಮನೆಯ ವೈಫೈನಲ್ಲಿ. ಸಂಜೆ ನನ್ನ ಲ್ಯಾಪ್‌ಟಾಪ್‌ನಿಂದ ಅದರ ಫೋಲ್ಡರ್ ತೆಗೆಯಬೇಕು. ಅಂದರೆ ಅದು ಮನೆಯೊಳಗೆ ಎಲ್ಲರ ಜೊತೆ ಮಾತಾಡಬೇಕು, ಹೊರಗೆ ಮಾತ್ರ ಹೋಗಬಾರದು. ನನ್ನ ಹೋಲಿಕೆ ಪೂರ್ತಿ ಈ ಒಂದು ಷರತ್ತಿನ ಮೇಲೆ ನಿಂತಿದೆ.

ರೂಟರ್‌ನಿಂದ ತಡೆಯುವುದು ಎಲ್ಲರೂ ಹೇಳುವ ಮೊದಲ ಉಪಾಯ. ಇಂಟರ್‌ನೆಟ್ ಕಂಪನಿಯವರು ಹಾಕಿಕೊಟ್ಟ ರೂಟರ್ ಡಬ್ಬಿಯ ವೈಫೈ ಪುಟದಲ್ಲೇ ಮ್ಯಾಕ್ ಫಿಲ್ಟರ್ ಇತ್ತು, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ (ಮ್ಯಾಕ್ ವಿಳಾಸ) ನೋಡಿ ತಡೆಯುವುದು. ಆದರೆ ಅದು ವೈಫೈನಲ್ಲಿ ಇರುವವರನ್ನಷ್ಟೇ ನೋಡುತ್ತದೆ, ಕೇಬಲ್‌ನಲ್ಲಿರುವ ನಮ್ಮ ಡೆಸ್ಕ್‌ಟಾಪ್ ಆರಾಮಾಗಿ ಓಡುತ್ತಿತ್ತು. ವೈಫೈನಲ್ಲಿದ್ದರೂ ಉಪಯೋಗ ಇರಲಿಲ್ಲ ಬಿಡಿ, ಆಗ ನೆಟ್‌ವರ್ಕ್‌ಗೇ ಸೇರಿಸುವುದಿಲ್ಲ, ಪ್ರಿಂಟರೂ ಹೋಗುತ್ತದೆ. ಇನ್ನೊಂದು ಪುಟದಲ್ಲಿ ಐಪಿ ವಿಳಾಸ, ಅಂದರೆ ರೂಟರ್ ಪ್ರತಿ ಮಷಿನ್‌ಗೆ ಹಂಚುವ ನಂಬರ್ ಹಾಕಿ ತಡೆಯಬಹುದಿತ್ತು. ಹಾಕಿದೆ, ನಡೆಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಒಂದು ಸಲ ಹೋಗಿ ಬಂದಾಗ ರೂಟರ್ ವಿಳಾಸಗಳನ್ನು ಹೊಸದಾಗಿ ಹಂಚಿತು, ತಡೆ ಹೋಗಿ ಅಪ್ಪನ ಟಿವಿ ಮೇಲೆ ಬಿತ್ತು. ಲೆಕ್ಕದ ಕಂಪ್ಯೂಟರ್ ಮತ್ತೆ ಆನ್‌ಲೈನ್.

ಆಗ ಬಂದಿದ್ದು ಆ ಹೊಸ ರೂಟರ್. ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ತಗೊಂಡಿದ್ದು. ಅದರ ಆ್ಯಪ್‌ನಲ್ಲಿ ಖಾತೆ ತೆರೆಯದಿದ್ದರೆ ಏನೂ ಕಾಣಲ್ಲ. ಖಾತೆ ತೆರೆದ ಮೇಲೆ, ವೇಳಾಪಟ್ಟಿ ಬೇಕಾದರೆ ತಿಂಗಳಿಗೆ ಇಷ್ಟು ಕಟ್ಟಿ ಅಂತ ಬಂತು. ಹೋಗಲಿ, ಪೂರ್ತಿ ತಡೆಯುವ ಬಟನ್ ಪುಕ್ಕಟೆ. ಒತ್ತಿದೆ. ಇಂಟರ್‌ನೆಟ್ ಹೋಯಿತು, ಜೊತೆಗೆ ಪ್ರಿಂಟರೂ ಹೋಯಿತು! ಹೊಸ ರೂಟರ್ ಹಳೇ ಡಬ್ಬಿಯ ಹಿಂದೆ ಕೂತಿದೆ, ಪ್ರಿಂಟರ್ ಹಳೇ ಡಬ್ಬಿಯಲ್ಲಿದೆ. ಅಲ್ಲಿಗೆ ಹೊಸದರ ಲೆಕ್ಕದಲ್ಲಿ ಪ್ರಿಂಟರ್ ಕೂಡ ‘ಹೊರಗಿನ ಇಂಟರ್‌ನೆಟ್’. ಎಲ್ಲಾ ಸಾಮಾನು ಹೊಸ ವೈಫೈಗೆ ಹಾಕಿಕೊಂಡರೆ ಸರಿಹೋಗುತ್ತದೆ, ಆದರೆ ಒಂದು ಕಂಪ್ಯೂಟರ್ ತಡೆಯಲು ಮನೆಮಂದಿಯ ಫೋನೆಲ್ಲಾ ಹಿಡಿದು ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಕಾ?

ಕಂಪ್ಯೂಟರ್ ಒಳಗೇ ಕೂತು ಹೋಗಿಬರುವುದನ್ನು ಕಾಯುವ ವಿಂಡೋಸ್ ಫೈರ್‌ವಾಲ್ ಗಟ್ಟಿ ಆಯ್ಕೆಯೇ. ಸ್ವಲ್ಪ ತಲೆ ಓಡಿಸಬೇಕು. ಎಲ್ಲಾ ತಡೆಯುವ ಒಂದು ಔಟ್‌ಬೌಂಡ್ (ಹೊರಹೋಗುವ) ರೂಲ್, ಪ್ರಿಂಟರ್‌ಗೆ ಬಿಡುವ ಇನ್ನೊಂದು ರೂಲ್ ಅಂತ ಮಾಡಿದರೆ ನಡೆಯಲ್ಲ. ಅಲ್ಲಿ ತಡೆಯುವ ರೂಲ್‌ನದೇ ಮೇಲುಗೈ. ರೂಲ್ ಬರೆಯುವ ಬದಲು, ಪ್ರೊಫೈಲ್ ಗುಣಗಳಲ್ಲೇ ಹೊರಹೋಗುವುದನ್ನು ಬ್ಲಾಕ್ ಅಂತ ಇಟ್ಟು, ಆಮೇಲೆ ಲೋಕಲ್ ಸಬ್‌ನೆಟ್‌ಗೆ, ಅಂದರೆ ಮನೆಯೊಳಗಿನ ನೆಟ್‌ವರ್ಕ್‌ಗೆ ಮಾತ್ರ ಅನುಮತಿ ಕೊಡಬೇಕು. ಡೊಮೇನ್, ಪ್ರೈವೇಟ್, ಪಬ್ಲಿಕ್ ಅನ್ನುವ ಮೂರೂ ಪ್ರೊಫೈಲ್‌ಗೆ. ನನಗೆ ಇದು ಒಗ್ಗದ ಕಾರಣ ಬೇರೆ. ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿ ‘ಎರರ್ ಬರ್ತಿದೆ’ ಅನ್ನಿ ನೋಡೋಣ, ಮೊದಲ ಮಾತೇ ‘ಫೈರ್‌ವಾಲ್ ಆಫ್ ಮಾಡಿ ಸರ್’. ಮನೆಯಲ್ಲಿ ಯಾರೋ ಒಬ್ಬರು ಆಫ್ ಮಾಡಿಯೇ ಮಾಡುತ್ತಾರೆ. ಮತ್ತೆ ಆನ್ ಮಾಡುವುದು ಯಾರಿಗೂ ನೆನಪಿರಲ್ಲ.

ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸುವುದು ಕೆಟ್ಟ ಸೈಟ್ ತಡೆಯಲು ಸರಿ, ಪೂರ್ತಿ ಬಂದ್‌ಗೆ ಅಲ್ಲ. ಸುಳ್ಳು ಪ್ರಾಕ್ಸಿ (ಇಂಟರ್‌ನೆಟ್‌ಗೆ ನಡುವಿನ ಮಧ್ಯವರ್ತಿ) ವಿಳಾಸ ಹಾಕುವುದು ಸುಮ್ನೆ ಕಾಲಹರಣ, ಬ್ರೌಸರ್ ನಿಂತರೂ ಬೇರೆ ಪ್ರೋಗ್ರಾಂಗಳು ಅದನ್ನು ಕೇಳುವುದೇ ಇಲ್ಲ.

ಇನ್ನು ನನ್ನ ಮೆಚ್ಚಿನದು. ಗೇಟ್‌ವೇ ಅಂದರೆ ಊರ ಅಗಸಿ ಇದ್ದ ಹಾಗೆ. 192.168.1 ಸಾಲಿನ ಮಷಿನ್‌ಗಳು ಒಂದಕ್ಕೊಂದು ನೇರ ಮಾತಾಡುತ್ತವೆ, ಊರು ದಾಟಬೇಕಾದ್ದು ಮಾತ್ರ ಅಗಸಿಗೆ ಬರುತ್ತದೆ. ನೆಟ್‌ವರ್ಕ್ ಕಾರ್ಡಿನ ಗುಣಗಳಲ್ಲಿ (ಪ್ರಾಪರ್ಟೀಸ್) ಐಪಿಯನ್ನು ಕೈಯಾರೆ ಬರೆಯಿರಿ. ನನ್ನದು 192.168.1.250, ರೂಟರ್ ತಾನೇ ಹಂಚುವ ಸಾಲಿನಿಂದ ಆಚೆಯದು. ಸಬ್‌ನೆಟ್ ಮಾಸ್ಕ್ ಅನ್ನುವ ಜಾಗಕ್ಕೆ 255.255.255.0. ಡೀಫಾಲ್ಟ್ ಗೇಟ್‌ವೇ ಜಾಗ ಖಾಲಿ. ಓಕೆ. ಪ್ರಿಂಟ್ ಬರುತ್ತದೆ, ಸೈಟ್ ತೆರೆಯಲ್ಲ. ಮುಗಿಯಿತು ಅಂತ ಎದ್ದೆ.

ಮರುದಿನ ಗುಮಾಸ್ತನ ಮಾತು: ‘ಬಂದ್ ಮಾಡೀನಿ ಅಂದ್ರಿ, ಯೂಟ್ಯೂಬ್ ನಡೀಲತ್ತದಲ್ರೀ!’ ಹೋಗಿ ನೋಡಿದರೆ ನಿಜ. ಗೂಗಲ್ ತೆರೆಯುತ್ತದೆ, ಯೂಟ್ಯೂಬ್ ತೆರೆಯುತ್ತದೆ, ವಿಕಿಪೀಡಿಯಾ ತೆರೆಯುತ್ತದೆ. ಎಷ್ಟೋ ಬೇರೆ ಸೈಟ್‌ಗಳು ಮಾತ್ರ ತೆರೆಯಲ್ಲ. ಪೂರ್ತಿ ಬಂದ್ ಆಗಿದ್ದರೆ ಸರಿ, ಪೂರ್ತಿ ಓಡುತ್ತಿದ್ದರೂ ಅರ್ಥ ಆಗುತ್ತಿತ್ತು. ಈ ಅರೆಬರೆ ಆಟ ತಲೆ ಕೆಡಿಸಿತು. ಗೇಟ್‌ವೇ ಜಾಗ ಮತ್ತೆ ತೆಗೆದು ನೋಡಿದೆ, ಖಾಲಿಯೇ ಇದೆ. ರೀಸ್ಟಾರ್ಟ್ ಮಾಡಿದೆ, ಅದೇ ಹಾಡು.

ಕೊನೆಗೆ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ, ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ (ipconfig) ಹೊಡೆದಾಗ ಕಳ್ಳ ಸಿಕ್ಕ. ಡೀಫಾಲ್ಟ್ ಗೇಟ್‌ವೇ ಅನ್ನುವ ಸಾಲಿನ ಮುಂದೆ ಎಫ್‌ಇ80 ಅಂತ ಶುರುವಾಗುವ ಉದ್ದನೆಯ ವಿಳಾಸ ಕೂತಿತ್ತು. ಅದು ಐಪಿವಿ6ರದು, ಅಂದರೆ ಐಪಿ ವಿಳಾಸದ ಹೊಸ ಪದ್ಧತಿಯದು; 192.168 ಥರದ್ದು ಹಳೆಯ ಐಪಿವಿ4. ನಾನು ಮುಚ್ಚಿದ್ದು ಐಪಿವಿ4 ಅಗಸಿಯನ್ನು ಮಾತ್ರ. ಐಪಿವಿ6ನಲ್ಲಿ ಗೇಟ್‌ವೇಯನ್ನು ನಾವು ಬರೆಯಬೇಕಾಗಿಯೇ ಇಲ್ಲ, ‘ನಾನಿದ್ದೇನೆ, ನನ್ನ ಮೂಲಕ ಹೋಗಿ’ ಅಂತ ರೂಟರೇ ಆಗಾಗ ಸಾರುತ್ತಿರುತ್ತದೆ. ಕಂಪ್ಯೂಟರ್ ಕೇಳಿಸಿಕೊಂಡು ಹೊರಡುತ್ತದೆ. ಗೂಗಲ್‌ನಂಥ ದೊಡ್ಡ ಸೈಟ್‌ಗಳೆಲ್ಲ ಐಪಿವಿ6ನಲ್ಲೂ ಇವೆ, ಅದಕ್ಕೇ ಅವು ಮಾತ್ರ ತೆರೆಯುತ್ತಿದ್ದವು. ಅದೇ ಗುಣಗಳ ಕಿಟಕಿಯಲ್ಲಿ ಐಪಿವಿ6 ಮುಂದಿನ ಟಿಕ್ ತೆಗೆದೆ. ಯೂಟ್ಯೂಬ್ ಅಲ್ಲಿಗೇ ನಿಂತಿತು.

ಅದರ ಬಾಲವೂ ಒಂದಿದೆ. ಗೇಟ್‌ವೇ ನೋಡಿಯೇ ವಿಂಡೋಸ್ ನೆಟ್‌ವರ್ಕ್ ಗುರುತು ಹಿಡಿಯುವುದು. ಅದೇ ಇಲ್ಲದಾಗ ‘ಗುರುತಿಲ್ಲದ ನೆಟ್‌ವರ್ಕ್’ ಅಂತ ಪಬ್ಲಿಕ್ ಪಟ್ಟಿಗೆ ಸೇರಿಸಿ, ಫೋಲ್ಡರ್ ಹಂಚಿಕೆ ಬಂದ್ ಮಾಡಿತು. ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ ನೆಟ್‌ವರ್ಕ್ ಲಿಸ್ಟ್ ಮ್ಯಾನೇಜರ್ ತೆಗೆದು, ಗುರುತಿಲ್ಲದವನ್ನು ಪ್ರೈವೇಟ್ ಅಂತ ಎಣಿಸು ಅಂದ ಮೇಲೆ ಸರಿಹೋಯಿತು. ನಮ್ಮದು ಪ್ರೊಫೆಷನಲ್ ಆವೃತ್ತಿ. ಹೋಮ್ ಆವೃತ್ತಿಯಲ್ಲಿ ಆ ಮೆನು ಇರುವುದಿಲ್ಲ, ಅವರು ಪಬ್ಲಿಕ್ ಪ್ರೊಫೈಲ್‌ನಲ್ಲೇ ಫೈಲ್ ಹಂಚಿಕೆ ಆನ್ ಮಾಡಿಕೊಳ್ಳಬೇಕು.

ಇಷ್ಟೆಲ್ಲಾ ಕಾಟ ಕೊಟ್ಟರೂ ನನ್ನ ವೋಟು ಇದಕ್ಕೇ. ಯಾಕೆಂದರೆ ಕಾಟ ಒಂದೇ ಸಲ, ಆಮೇಲೆ ಕೈ ಹಚ್ಚುವ ಕೆಲಸ ಇಲ್ಲ. ಗುಮಾಸ್ತನಿಗೆ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಟ್ಟಿದ್ದೇನೆ, ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಈ ಕಿಟಕಿ ತೆರೆಯಲ್ಲ. ನಿಮಗೆ ತಡೆಯಬೇಕಿರುವುದು ಮಕ್ಕಳ ಫೋನಾದರೆ ಕಥೆ ಬೇರೆ, ಅದಕ್ಕೆ ರೂಟರೇ ಸರಿ. ಆದರೆ ಆ್ಯಂಡ್ರಾಯ್ಡ್ 10ರಿಂದ ಈಚೆಗೆ ಫೋನುಗಳು ವೈಫೈಗೆ ನಕಲಿ ಮ್ಯಾಕ್ ವಿಳಾಸ ತೋರಿಸುತ್ತವೆ, ಮೊದಲು ಫೋನಿನಲ್ಲೇ ಅದನ್ನು ಆಫ್ ಮಾಡಿ.

ಖಾಲಿ ಗೇಟ್‌ವೇ ಸೋಲುವುದು ಒಂದೇ ಕಡೆ. ಯಾರಾದರೂ ಯುಎಸ್‌ಬಿಗೆ ಫೋನ್ ಸಿಕ್ಕಿಸಿ ಟೆದರಿಂಗ್ (ಫೋನಿನ ಇಂಟರ್‌ನೆಟ್ ಕಂಪ್ಯೂಟರ್‌ಗೆ ಹಂಚುವುದು) ಆನ್ ಮಾಡಿದರೆ ಅದು ಹೊಸ ನೆಟ್‌ವರ್ಕ್ ಕಾರ್ಡ್, ಅದರ ಗೇಟ್‌ವೇ ಅದರ ಜೊತೆಗೇ ಬರುತ್ತದೆ. ರೂಟರ್‌ಗೂ ಇದು ಕಾಣಲ್ಲ. ಇದನ್ನು ಹಿಡಿಯುವುದು ಫೈರ್‌ವಾಲ್ ಒಂದೇ. ನಮ್ಮ ಗುಮಾಸ್ತ ಫೋನ್ ಚಾರ್ಜ್ ಮಾಡುವುದು ಆ ಡೆಸ್ಕ್‌ಟಾಪ್‌ನಿಂದಲೇ, ಹಾಗಾಗಿ ಫೈರ್‌ವಾಲ್ ಕೂಡ ಹಾಕಿಟ್ಟಿದ್ದೇನೆ. ಅವನಿಗೊಂದು ಬೇರೆ ಚಾರ್ಜರೂ ತಂದುಕೊಟ್ಟಿದ್ದೇನೆ.