ಮೊಟ್ಟೆ ಕಾಣಲಿಲ್ಲವೆಂದು ಆತುರಪಟ್ಟು ರಾಣಿಜೇನು ಕೊಳ್ಳಬೇಡಿ

ಪುಣೆಯ ಸುತ್ತಮುತ್ತ ಮನೆಯಂಗಳದಲ್ಲಿ ತುಡುವೆ ಜೇನು, ಅಂದರೆ ಇಲ್ಲಿನವರು ಸಾತೇರಿ ಎನ್ನುವ ಜೇನು, ಸಾಕುತ್ತಿರುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ಎರಿಯಲ್ಲಿ, ಅಂದರೆ ನೊಣಗಳು ಮೇಣದಿಂದ ಕಟ್ಟುವ ಕೋಶಗಳ ಹಲ್ಲೆಯಲ್ಲಿ, ಮೊಟ್ಟೆ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಾದರೂ ‘ರಾಣಿ ಸತ್ತಿದೆ, ಹೊಸದು ಹಾಕಿಸಿ’ ಎಂದರೆ ಒಪ್ಪಬೇಡಿ.

ಬಾವಧನದ ನಮ್ಮ ಪೆಟ್ಟಿಗೆಯ ಕುಟುಂಬ ಬೇಸಿಗೆಯ ಆರಂಭದಲ್ಲಿ ಪಾಲಾಗಿ, ಹಳೆಯ ರಾಣಿ ಒಂದಷ್ಟು ನೊಣಗಳೊಡನೆ ಹಾರಿಹೋಯಿತು. ಆಮೇಲೆ ಮರಿಗಳು ಬೆಳೆಯುವ ಸಂಸಾರ ಕೋಣೆಯಲ್ಲಿ ಮೊಟ್ಟೆಯಾಗಲಿ ಎಳೆಮರಿಯಾಗಲಿ ಕಾಣದಿದ್ದಾಗ ಜೇನು ಪೆಟ್ಟಿಗೆ ಮಾರುವ ವ್ಯಾಪಾರಿಯೊಬ್ಬರನ್ನು ಕರೆಸಿದೆವು. ಅವರು ಒಂದೆರಡು ಚೌಕಟ್ಟು ಎತ್ತಿ ನೋಡಿ, ರಾಣಿ ಇಲ್ಲವೆಂದು ತೀರ್ಮಾನಿಸಿ, ತಾವು ತಂದಿದ್ದ ರಾಣಿಯನ್ನು, ನೊಣಗಳು ಒಗ್ಗಿಕೊಳ್ಳುವವರೆಗೆ ಇಡುವ ಪುಟ್ಟ ಪಂಜರದಲ್ಲೂ ಇಡದೆ ನೇರವಾಗಿ ಒಳಗೆ ಬಿಟ್ಟರು. ಮರುದಿನ ಬೆಳಿಗ್ಗೆ ಅದು ರೆಕ್ಕೆ ಹರಿದುಕೊಂಡು ಬಾಗಿಲ ಹಲಗೆಯ ಮೇಲೆ ಸತ್ತು ಬಿದ್ದಿತ್ತು. ದೂರಿದಾಗ ಮತ್ತೆ ಬಂದು, ಚೌಕಟ್ಟುಗಳನ್ನೆಲ್ಲ ಹುಲ್ಲಿನ ಮೇಲೆ ಕೊಡವಿ, ಇನ್ನೊಂದು ರಾಣಿಯನ್ನು ಬಿಟ್ಟುಹೋದರು. ಕೆಲವು ದಿನಗಳಲ್ಲಿ ಮೊಟ್ಟೆಗಳು ಕಂಡವು. ‘ರಾಣಿ ಕೆಲಸ ಶುರುಮಾಡಿದೆ’ ಎಂದು ಹೇಳಿ ಬಾಕಿ ಹಣವನ್ನೂ ಪಡೆದರು.

ಬಹುಕಾಲ ಜೇನು ಸಾಕಿದ, ಶಿರಸಿ ಕಡೆಯ ನೆರೆಮನೆಯ ಹಿರಿಯರು ಬಂದು ನೋಡಿದಾಗಲೇ ನಿಜ ತಿಳಿದದ್ದು. ಎರಿಯ ಕೆಳ ಅಂಚಿನಲ್ಲಿ ಶೇಂಗಾ ಕಾಯಿಯಂತೆ ಜೋತುಬಿದ್ದಿದ್ದ ರಾಣಿಕೋಶವನ್ನು ತೋರಿಸಿ, ‘ತಂಗೀ, ಈ ಮುಚ್ಚಳ ನೋಡು, ರಾಣಿ ಹುಟ್ಟಿ ಹೊರಬಂದಾಗಿತ್ತು’ ಎಂದರು. ಕೋಶದ ತುದಿ ದುಂಡಗೆ ಕತ್ತರಿಸಿದಂತೆ ತೆರೆದು, ಮೇಣದ ಮುಚ್ಚಳ ಒಂದು ಬದಿಗೆ ಅಂಟಿಕೊಂಡಿತ್ತು. ಎದುರಾಳಿ ರಾಣಿ ಕೊಂದಿದ್ದರೆ ಕೋಶದ ಪಕ್ಕ ಹರಿದಿರುತ್ತಿತ್ತು. ಹೊಸ ರಾಣಿ ಗಾತ್ರದಲ್ಲಿ ಚಿಕ್ಕದು, ಓಡಾಟದಲ್ಲಿ ಚುರುಕು, ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಹೊರಗೆ ಹಾರಿ ಗಂಡುನೊಣಗಳೊಡನೆ ಕೂಡಿ ಬಂದು ಮೊಟ್ಟೆ ಇಡಲು ಎರಡು ವಾರ, ಮೋಡ ಮಳೆಯಿದ್ದರೆ ಇನ್ನೂ ಹೆಚ್ಚು ದಿನ ಹಿಡಿಯಬಹುದು. ಆ ಎಳೆಯ ರಾಣಿ ಕೊಡವಿದ ದಿನವೇ ಹುಲ್ಲಿನಲ್ಲಿ ಕಳೆದುಹೋಗಿರಬೇಕು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಕಂಡ ಮೊಟ್ಟೆಗಳ ವಿಷಯ. ರಾಣಿ ಒಂದು ಕೋಶಕ್ಕೆ ಒಂದೇ ಮೊಟ್ಟೆಯನ್ನು ತಳದ ನಡುವೆ ಇಡುತ್ತದೆ. ನಮ್ಮ ಎರಿಯಲ್ಲಿ ಒಂದೊಂದು ಕೋಶದಲ್ಲಿ ಮೂರು ನಾಲ್ಕು ಮೊಟ್ಟೆಗಳು, ಅವೂ ಗೋಡೆಗೆ ಅಂಟಿಕೊಂಡಂತೆ ಇದ್ದವು. ಅಂದರೆ ವ್ಯಾಪಾರಿ ಬಿಟ್ಟ ಎರಡನೆಯ ರಾಣಿಯೂ ಉಳಿದಿರಲಿಲ್ಲ. ರಾಣಿಯಿಲ್ಲದ ಕುಟುಂಬದಲ್ಲಿ ಕೆಲಸಗಾರ ನೊಣಗಳೇ ಹೀಗೆ ಮೊಟ್ಟೆಯಿಡುತ್ತವೆ, ತುಡುವೆಯಲ್ಲಂತೂ ಇದು ಬಹಳ ಬೇಗ ಆರಂಭವಾಗುತ್ತದೆ. ಆ ಮೊಟ್ಟೆಗಳಿಂದ ಗಂಡುನೊಣಗಳು ಮಾತ್ರ ಹುಟ್ಟುವುದರಿಂದ ದುಡಿಯುವ ನೊಣಗಳು ಕಡಿಮೆಯಾಗುತ್ತಾ ಬಂದು, ಕೊನೆಗೆ ಖಾಲಿ ಎರಿಗಳಿಗೆ ಮೇಣದ ಹುಳು ಬಿದ್ದಿತು.

ಆದ್ದರಿಂದ ಸಂಶಯ ಬಂದರೆ ಮೊದಲು ಮತ್ತೊಂದು ಆರೋಗ್ಯವಂತ ತುಡುವೆ ಕುಟುಂಬದಿಂದ ಮೊಟ್ಟೆ ಮತ್ತು ಎಳೆಮರಿಗಳಿರುವ ಒಂದು ಚೌಕಟ್ಟನ್ನು, ನೊಣಗಳನ್ನು ಮೆಲ್ಲಗೆ ಸರಿಸಿ, ತಂದಿಡಿ. ಮೆಲ್ಲಿಫೆರಾ, ಅಂದರೆ ಯುರೋಪಿನ ತಳಿಯ, ಜೇನಿನ ಎರಿ ಇದಕ್ಕೆ ಆಗದು. ಮೂರು ನಾಲ್ಕು ದಿನಗಳಲ್ಲಿ ಅದರ ಮೇಲೆ ರಾಣಿಕೋಶ ಕಟ್ಟತೊಡಗಿದರೆ ರಾಣಿ ಇಲ್ಲವೆಂದೇ ತಿಳಿಯಬಹುದು, ಕಟ್ಟದಿದ್ದರೆ ಒಳಗೆ ಎಳೆಯ ರಾಣಿ ಇರುವ ಸಂಭವವೇ ಹೆಚ್ಚು. ಕೆಲಸಗಾರ ನೊಣಗಳು ಆಗಲೇ ಮೊಟ್ಟೆಯಿಡಲು ತೊಡಗಿದ್ದರೆ ಮಾತ್ರ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಹೊರಗಿನವರಿಗೆ ಪೆಟ್ಟಿಗೆ ತೆರೆಯಲು ಬಿಡುವ ಮುನ್ನ ಪುಣೆಯಲ್ಲೇ 1962ರಿಂದ ಇರುವ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ, ಮತ್ತು ರಾಣಿ ಕೊಳ್ಳಲೇಬೇಕಾದರೆ ಅದನ್ನು ಪಂಜರದಲ್ಲಿಟ್ಟು ಪರಿಚಯಿಸಬೇಕೆಂದು, ಒಂದು ಕೋಶಕ್ಕೆ ಒಂದೇ ಮೊಟ್ಟೆ ಕಂಡ ಬಳಿಕವಷ್ಟೇ ಹಣವೆಂದು ಮೊದಲೇ ಬರೆಯಿಸಿಕೊಳ್ಳಿ.