ಎಲ್ಲ ಚರ್ಮಕ್ಕೂ ಇದೊಂದೇ ಸಾಕು ಅಂದರೆ ನಂಬಬೇಡಿ: ಸನ್‌ಸ್ಕ್ರೀನ್ ಕೊಂಡು ಮೋಸಹೋದ ಕಥೆ

ಕಾರವಾರ, ಅಂಕೋಲಾ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರ ಮನೆಯ ಮಗುವಿಗೆ ಹೀಗೆ ಆಗಬಾರದು.

ಮಾರ್ಚ್ ಕೊನೆಯಲ್ಲಿ ಅಕ್ಕ ಮಕ್ಕಳನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಬಂದಿದ್ದಳು. ಮಾಜಾಳಿ ಬೀಚಿಗೆ ಹೋಗೋಣ ಎಂದಾಯಿತು. ನಮ್ಮ ಕಡೆ ಬಿಸಿಲು ಗೊತ್ತಲ್ವಾ? ಹತ್ತು ಗಂಟೆಗೇ ಮರಳು ಕಾಲು ಸುಡುತ್ತದೆ, ಮೇಲಿಂದ ಬೆವರು. ಹಿಂದಿನ ದಿನ ಸನ್‌ಸ್ಕ್ರೀನ್ ತರಲು ಕಾರವಾರ ಪೇಟೆಯ ಒಂದು ಫ್ಯಾನ್ಸಿ ಅಂಗಡಿಗೆ ಹೋದೆ.

ನಾನು ಸರಿಯಾಗಿಯೇ ಹೇಳಿದ್ದೆ. ನನ್ನದು ಎಣ್ಣೆ ಚರ್ಮ, ಮೊಡವೆ ಏಳುತ್ತದೆ. ಆಯಿಯ ಚರ್ಮ ಒಣಗಿ ಬಿರಿಯುತ್ತದೆ. ಅಕ್ಕನ ಸಣ್ಣ ಮಗನಿಗೆ ಐದು ವರ್ಷ, ಏನು ಹಚ್ಚಿದರೂ ತುರಿಕೆ. ಮೂರು ಥರದ ಚರ್ಮ. ಅಂಗಡಿಯವನು ತೆಗೆದುಕೊಟ್ಟಿದ್ದು ಒಂದೇ ಟ್ಯೂಬ್.

"ತಂಗೀ, ಇದು ಎಲ್ಲಾ ಸ್ಕಿನ್‌ಗೂ ಆಗ್ತದೆ. ಎಸ್‌ಪಿಎಫ್, ಅಂದ್ರೆ ಬಿಸಿಲು ತಡೆಯೂ ನಂಬರ್, ನೂರು! ಬೆಳಿಗ್ಗೆ ಒಂದು ಸಲ ಹಚ್ಚಿದ್ರೆ ಸಂಜೆ ತನಕ ನೋಡೂದೇ ಬೇಡ. ಸಮುದ್ರದಲ್ಲಿ ಮುಳುಗಿದ್ರೂ ಹೋಗೂದಿಲ್ಲ."

850 ರೂಪಾಯಿ. ಬಿಲ್ ಕೇಳಿದ್ದಕ್ಕೆ "ಬಿಲ್ ಮಾಡಿದ್ರೆ ಜಿಎಸ್‌ಟಿ ಹಾಕ್ಬೇಕಾಗ್ತದೆ, ಸುಮ್ನೆ ನಿಮಗೇ ಜಾಸ್ತಿ" ಅಂದ. ಆಯಿತು ಎಂದು ಬಂದೆ. ಅಲ್ಲೇ ತಪ್ಪಿದೆ.

ಬೀಚಿನಲ್ಲಿ ಟ್ಯೂಬ್ ಒತ್ತಿದರೆ ಮೊದಲು ನೀರು ಬಂತು, ಆಮೇಲೆ ಗಂಟುಗಂಟು ಕ್ರೀಮ್. ಅಲುಗಾಡಿಸಿ ಹಚ್ಚಿದೆವು. ಅರ್ಧ ಗಂಟೆಯಲ್ಲಿ ಬೆವರಿನ ಜೊತೆ ಇಳಿದು ಕಣ್ಣಿಗೆ ಹೋಯಿತು. ಮಗು ಕಣ್ಣು ಉಜ್ಜಿಕೊಂಡು ಚೀರಿದ್ದೇ ಚೀರಿದ್ದು. ಸಂಜೆಗೆ ಅವನ ಕೆನ್ನೆ ತುಂಬ ಕೆಂಪು ಬೊಕ್ಕೆ. ಆಯಿಯ ಕುತ್ತಿಗೆ ಉರಿ. ನನ್ನ ಗದ್ದದ ತುಂಬ ಎರಡು ದಿನದಲ್ಲಿ ಮೊಡವೆ.

ಆ ರಾತ್ರಿ ಬಚ್ಚಲಲ್ಲಿ ಟ್ಯೂಬ್ ತೊಳೆಯುತ್ತಿದ್ದೆ. ಬೆಲೆಯ ಬಿಳಿ ಸ್ಟಿಕ್ಕರ್ ನೆನೆದು ಮೂಲೆ ಎದ್ದಿತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ಕಂಪನಿಯೇ ಅಚ್ಚು ಹಾಕಿದ ಬೆಲೆ: 499. ಅದರ ಕೆಳಗಿನ ಸಾಲಿನಲ್ಲಿ ಅವಧಿ ಮುಗಿಯುವ ತಿಂಗಳು: ಹೋದ ವರ್ಷದ ಆಗಸ್ಟ್. ಒಂದು ಸ್ಟಿಕ್ಕರಿನಿಂದ ಎರಡನ್ನೂ ಮುಚ್ಚಿದ್ದ. ಕೈಕಾಲು ತಣ್ಣಗಾಯಿತು. ಅದನ್ನು ನಾನೇ, ನನ್ನ ಕೈಯಾರೆ, ಮಗುವಿನ ಮುಖಕ್ಕೆ ಹಚ್ಚಿದ್ದೆ.

ಮರುದಿನ ಟ್ಯೂಬ್ ಹಿಡಿದುಕೊಂಡು ಹೋದೆ. ಅವನ ಮಾತು ಕೇಳಿ.

"ಇದು ನಮ್ಮ ಅಂಗಡಿದೇ ಅಂತ ಏನು ಗ್ಯಾರಂಟಿ? ಬಿಲ್ ತೋರಿಸಿ."

ಬಿಲ್ ಕೊಡದವನೇ ಬಿಲ್ ಕೇಳುತ್ತಾನೆ! ದಿನಾಂಕ ತೋರಿಸಿದೆ. "ಅದೇನು ಹಾಲಾ ತಂಗೀ ಒಡೆದು ಹೋಗೂಕೆ? ಕ್ರೀಮಿಗೆ ಏನೂ ಆಗೂದಿಲ್ಲ." ಕೊನೆಗೆ, ನಾಲ್ಕು ಜನ ಗಿರಾಕಿಗಳ ಎದುರಿಗೆ, "ನಿಮ್ಮ ಸ್ಕಿನ್ನೇ ಸರಿ ಇಲ್ಲ, ಡಾಕ್ಟ್ರಿಗೆ ತೋರಿಸಿ." ಅಲ್ಲಿ ಕಣ್ಣಲ್ಲಿ ನೀರು ಬಂತು. ಒಂದು ಮಾತೂ ಹೊರಡಲಿಲ್ಲ, ಬಂದುಬಿಟ್ಟೆ. ಇವತ್ತಿಗೂ ಅದೇ ಸಂಕಟ.

ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವಧಿ ಮುಗಿದದ್ದು ಸರಿಯಾಗಿ ಬಿಸಿಲು ತಡೆಯುತ್ತದೆ ಎಂದು ನಂಬುವ ಹಾಗಿಲ್ಲ ಅಂದರು. ಎಸ್‌ಪಿಎಫ್ 30 ಇದ್ದರೆ ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು ನೂರಕ್ಕೆ 97ರಷ್ಟು ತಡೆಯುತ್ತದೆ, 50 ಇದ್ದರೆ 98ರಷ್ಟು. ಅಷ್ಟೇ ವ್ಯತ್ಯಾಸ. ನೂರು ಅಂದರೆ 50ರ ಎರಡು ಪಾಲು ಅಲ್ಲವೇ ಅಲ್ಲ! ಚರ್ಮ ಕಪ್ಪಾಗಿಸಿ ಸುಕ್ಕು ತರುವ ಯುವಿಎ ಕಿರಣಕ್ಕೆ ಟ್ಯೂಬಿನ ಮೇಲೆ ಪಿಎ ಎಂದು ಬರೆದ ಪಕ್ಕದ ಪ್ಲಸ್ ಗುರುತು ನೋಡಬೇಕು. ನನ್ನ ಟ್ಯೂಬಿನಲ್ಲಿ ಆ ಗುರುತೇ ಇರಲಿಲ್ಲ. ನಂಬರ್ ಎಷ್ಟೇ ಇರಲಿ, ಬಿಸಿಲಲ್ಲಿ ಇದ್ದರೆ ಎರಡು ಗಂಟೆಗೊಮ್ಮೆ ಹಚ್ಚಬೇಕು, ನೀರಿನಿಂದ ಎದ್ದ ಮೇಲೆ ಮತ್ತೆ ಹಚ್ಚಬೇಕು. ಸಂಜೆ ತನಕ ಇರುತ್ತದೆ ಅಂದದ್ದು ಶುದ್ಧ ಸುಳ್ಳು.

ನನ್ನಂಥ ಎಣ್ಣೆ ಚರ್ಮಕ್ಕೆ ಜೆಲ್, ಅದರ ಮೇಲೆ ನಾನ್-ಕೊಮೆಡೊಜೆನಿಕ್ (ಅಂದರೆ ಚರ್ಮದ ರಂಧ್ರ ಮುಚ್ಚಿ ಮೊಡವೆ ಏಳಿಸದ್ದು) ಎಂದು ಬರೆದಿರಬೇಕು. ಆಯಿಗೆ ಪಸೆ ಇರುವ ಕ್ರೀಮ್. ಮಗುವಿಗೆ ಝಿಂಕ್ ಆಕ್ಸೈಡ್ ಇರುವ, ಪರಿಮಳ ಇಲ್ಲದ್ದು. ಮುಖ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಕಾಣಲಿ ಬಿಡಿ. ಮುಖ ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೆ ಒತ್ತಿದಷ್ಟು ಕ್ರೀಮ್ ಬೇಕು. ದಿನಾ ಇದನ್ನೇ ಮಾರುವವನಿಗೆ ಇದರಲ್ಲಿ ಒಂದಾದರೂ ಗೊತ್ತಿರಲಿಲ್ಲವೇ?

ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಸ್ಟಿಕ್ಕರ್ ಇದ್ದರೆ ಅವನ ಎದುರಿಗೇ ಕಿತ್ತು ನೋಡಿ, ಬೈದರೆ ಬೈಯಲಿ. ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವುದು ಅಪರಾಧ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅದೇ ಬಿಳಿ ಸ್ಟಿಕ್ಕರಿನ ಇನ್ನೂ ಏಳೆಂಟು ಟ್ಯೂಬ್ ಆ ಅಂಗಡಿಯ ಕಪಾಟಿನಲ್ಲಿ ಇದ್ದವು. ನಾನು ಹೊರಡುವಾಗ ಒಬ್ಬ ಹುಡುಗಿ ಅದರಲ್ಲೇ ಒಂದನ್ನು ಕೈಗೆ ತೆಗೆದುಕೊಂಡಿದ್ದಳು. ಆಗ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ.