ಪಾಲಿಮರ್ ಪುಡಿಗೆ ಬಿಇಟಿ, ಸಿಒ2 ಟೆಸ್ಟ್: ಪುಣೆ ಭೋಸರಿಯ ಒಂದು ಲ್ಯಾಬಿನ ಸೇವೆ ಹೇಗಿದೆ

ಬಿಇಟಿ ಅಂದರೆ ನೈಟ್ರೋಜನ್ ಹೀರಿಸಿ ಪುಡಿಯ ಒಳಮೈ ವಿಸ್ತೀರ್ಣ ಅಳೆಯುವುದು, ಸಿಒ2 ಟೆಸ್ಟ್ ಅಂದರೆ ಪುಡಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೀರುತ್ತದೆ ಎಂದು ನೋಡುವುದು. ಗಟ್ಟಿ ಜಾಲದ ರಂಧ್ರಮಯ ಪಾಲಿಮರ್ ಆದರೆ ಈ ಲ್ಯಾಬಿಗೆ ಧೈರ್ಯವಾಗಿ ಕೊಡಿ. ಆಮೈನ್ (ಸಿಒ2 ಹಿಡಿಯುವ ನೈಟ್ರೋಜನ್ ಸಂಯುಕ್ತ) ತುಂಬಿದ ಪುಡಿ ಆದರೆ ಡಿಗ್ಯಾಸ್ ಉಷ್ಣತೆಯನ್ನು, ಅಂದರೆ ಟೆಸ್ಟಿಗೆ ಮುನ್ನ ನಿರ್ವಾತದಲ್ಲಿ ಬಿಸಿಮಾಡಿ ನೀರು, ಅನಿಲ ಹೊರತೆಗೆಯುವ ಉಷ್ಣತೆಯನ್ನು, ಕೈಯಾರೆ ಬರೆಯದೆ ಕೊಡಲೇಬೇಡಿ. ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಈ ಖಾಸಗಿ ಲ್ಯಾಬಿನ ಹೆಸರು ಹಾಕುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವ ತಪ್ಪುಗಳು ಎಲ್ಲಿ ಬೇಕಾದರೂ ಆಗುವಂಥವು. ಪುಣೆ, ಮುಂಬೈ, ಗೋವಾದಲ್ಲಿ ಕಾರ್ಬನ್ ಹಿಡಿಯುವ ಪಾಲಿಮರ್ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಲಿ.

ಮೊದಲು ಚೆನ್ನಾಗಿರುವುದು. ಇಲ್ಲಿ ತೂಕದ ಶಿಸ್ತಿದೆ. ಖಾಲಿ ಟ್ಯೂಬ್, ಪುಡಿ ಹಾಕಿದ ಮೇಲೆ, ಡಿಗ್ಯಾಸ್ ಆದ ಮೇಲೆ, ಕೊನೆಗೆ ಟೆಸ್ಟ್ ಮುಗಿದ ಮೇಲೆ, ಹೀಗೆ ನಾಲ್ಕು ಸಲ ತೂಗುತ್ತಾರೆ. ಲೆಕ್ಕಕ್ಕೆ ಡಿಗ್ಯಾಸ್ ನಂತರದ ತೂಕವನ್ನೇ ಹಿಡಿಯುತ್ತಾರೆ. 100 ಮಿಗ್ರಾಂ ಪುಡಿಯಲ್ಲಿ 5 ಮಿಗ್ರಾಂ ನೀರು ಉಳಿದಿದ್ದರೂ ಉತ್ತರ ಶೇ. 5ರಷ್ಟು ತಪ್ಪುತ್ತದೆ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಪಾಲಿಮರ್ ಪುಡಿ ಸ್ಟಾಟಿಕ್‌ನಿಂದ ಟ್ಯೂಬಿನ ಕುತ್ತಿಗೆಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಉದ್ದ ಕೊಳವೆಯ ಆಲಿಕೆಯಿಂದ ನೇರ ಬುಡಕ್ಕೇ ಇಳಿಸುತ್ತಾರೆ. ಹೀಲಿಯಂ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳಬಾರದೆಂದು ಟ್ಯೂಬಿನ ಖಾಲಿ ಜಾಗವನ್ನು ಆ ಅನಿಲದಿಂದ ಅಳೆಯುವುದನ್ನು ಟೆಸ್ಟ್ ಮುಗಿದ ಮೇಲೆ ಮಾಡುತ್ತಾರೆ. ಇದನ್ನು ಕೇಳದೆಯೇ ಮಾಡುವ ಲ್ಯಾಬ್ ಮೆಚ್ಚಬೇಕಾದ್ದೇ.

ಆಪರೇಟರ್ ವಿಜಯಪುರದ ಕಡೆಯವರು. ಹೈಪರ್‌ಕ್ರಾಸ್‌ಲಿಂಕ್ಡ್ ಪಾಲಿಮರ್‌ನ ನೈಟ್ರೋಜನ್ ಕರ್ವ್ (ಒತ್ತಡಕ್ಕೆ ತಕ್ಕಂತೆ ಎಷ್ಟು ಅನಿಲ ಹೀರಿತು ಎಂಬ ಗೆರೆ) 77 ಕೆಲ್ವಿನ್‌ನಲ್ಲಿ ಒತ್ತಡ ಇಳಿಸಿ ಹಿಂದಿರುಗುವಾಗ ಕಡಿಮೆ ಒತ್ತಡದವರೆಗೂ ಹೋದ ಗೆರೆಗೆ ಬಂದು ಸೇರಲಿಲ್ಲ. ಆಗ ಅವರೇ ಫೋನ್ ಮಾಡಿ, “ಲೀಕ್ ಇಲ್ರೀ ಸರ್, ನಿಮ್ಮ ಪುಡೀನ ಉಬ್ಬೇತ್ರಿ” ಅಂದರು. ಸರಿಯಾದ ಮಾತು. ಪೂರ್ತಿ ಬಿಗಿಯಿಲ್ಲದ ಜಾಲ ಅನಿಲ ಹೀರಿ ಹಿಗ್ಗುತ್ತದೆ, ಬಿಡುವಾಗ ತಡಮಾಡುತ್ತದೆ. ಪ್ರತಿ ಬಿಂದುವಿಗೆ 10 ಸೆಕೆಂಡ್ ಕಾಯುವ ಬದಲು 45 ಸೆಕೆಂಡ್ ಇಟ್ಟು ಮತ್ತೆ ಓಡಿಸಿದಾಗ ಅಂತರ ಕಿರಿದಾಯಿತು, ಆದರೆ ಹೋಗಲಿಲ್ಲ. ಉಬ್ಬಿದ್ದೇ ನಿಜ ಎನ್ನುವುದಕ್ಕೆ ಅದೇ ಸಾಕ್ಷಿ.

ಇನ್ನು ತೊಂದರೆ. ಆಮೈನ್ ಸ್ಯಾಂಪಲ್‌ನಲ್ಲಿ, ಅಂದರೆ ಸಿಲಿಕಾದೊಳಗೆ ಪಾಲಿಎಥಿಲೀನ್‌ಇಮೈನ್ ತುಂಬಿದ ಪುಡಿಯಲ್ಲಿ, ಎಲ್ಲರಿಗೂ ಹಾಕುವ 120 ಡಿಗ್ರಿಯನ್ನೇ ಹಾಕಿದರು. ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರಿಂದ ಅರ್ಧ ತಪ್ಪು ಕೊಟ್ಟವರದ್ದೂ ಹೌದು. ಬಿಳಿಯಾಗಿ ಹೋದ ಪುಡಿ ತಿಳಿಹಳದಿಯಾಗಿ ಬಂತು, ಡಿಗ್ಯಾಸ್ ನಂತರದ ತೂಕವೂ ನೀರಿನ ಲೆಕ್ಕಕ್ಕಿಂತ ಹೆಚ್ಚು ಇಳಿದಿತ್ತು. ಕಡಿಮೆ ಅಣುತೂಕದ ಪಾಲಿಮರ್ ನಿರ್ವಾತದಲ್ಲಿ ಆವಿಯಾಗಿ ಹೋಗುತ್ತದೆ. ಬಿಸಿ ಇರುವಾಗಲೇ ಗಾಳಿ ತಾಗಿದರೆ ಆಮೈನ್ ಆಕ್ಸಿಡೈಸ್ ಆಗಿ ಬಣ್ಣ ತಿರುಗುತ್ತದೆ. ಇಂಥದ್ದಕ್ಕೆ 80 ಡಿಗ್ರಿ, ರಾತ್ರಿಯಿಡೀ ನಿರ್ವಾತ, ತಣ್ಣಗಾದ ಮೇಲೆ ನೈಟ್ರೋಜನ್ ತುಂಬಿ ಮುಚ್ಚುವುದು ಎಂದು ಸ್ಪಷ್ಟವಾಗಿ ಬರೆಯಿರಿ.

ಇದಕ್ಕಿಂತ ಮುಖ್ಯವಾಗಿ, ಇಂಥ ಪುಡಿಗೆ ಈ ಯಂತ್ರವೇ ಪೂರ್ತಿ ಹೊಂದುವುದಿಲ್ಲ. 0 ಡಿಗ್ರಿಯ ಟೆಸ್ಟ್‌ನಲ್ಲಿ ಪಾಲಿಮರ್ ಜೇನಿನಂತೆ ಗಟ್ಟಿ, ಸಿಒ2 ಒಳಗೆ ಸುಲಭವಾಗಿ ಇಳಿಯುವುದಿಲ್ಲ. 75 ಡಿಗ್ರಿಯ ಸುಮಾರಿಗೆ ಹೀರಿಕೆ ಹೆಚ್ಚು. ಒಣ ಅನಿಲದಲ್ಲಿ ಒಂದು ಸಿಒ2 ಹಿಡಿಯಲು ಎರಡು ಆಮೈನ್ ಬೇಕು. ತೇವ ಇದ್ದರೆ ಒಂದೇ ಸಾಕಾಗಬಹುದು, ಆದರೆ ಇಲ್ಲಿ ಬರೀ ಒಣ ಅನಿಲದ ಟೆಸ್ಟ್. ಟಿಜಿಎ (ಉಷ್ಣತೆ ಬದಲಿಸುತ್ತಾ ಪುಡಿಯ ತೂಕ ನೋಡುವ ಯಂತ್ರ) ಇರುವ ಕಡೆ ಮಾಡಿಸುವುದೇ ವಾಸಿ.

ರಿಪೋರ್ಟ್ ಓದುವಾಗ ಎರಡು ಕಡೆ ಎಚ್ಚರ ಬೇಕು. ಬಿಇಟಿ ಲೆಕ್ಕವನ್ನು ಸಾಪೇಕ್ಷ ಒತ್ತಡ (ಅನಿಲದ ಒತ್ತಡ ಅದು ದ್ರವವಾಗುವ ಒತ್ತಡದ ಎಷ್ಟು ಪಾಲು) 0.05ರಿಂದ 0.30ರ ನಡುವೆ ಹಿಡಿಯುವುದು ಅವರ ರೂಢಿ. ಸೂಕ್ಷ್ಮರಂಧ್ರದ ಪಾಲಿಮರ್‌ಗೆ ಅದು ಆಗುವುದಿಲ್ಲ, ಲೆಕ್ಕದ ಸಿ ಸ್ಥಿರಾಂಕ ಋಣವಾಗಿ ಬರಬಹುದು, ಆಗ ಉತ್ತರಕ್ಕೆ ಅರ್ಥವಿಲ್ಲ. ಕಚ್ಚಾ ಡೇಟಾ ಫೈಲ್ ಕೇಳಿ ತೆಗೆದುಕೊಂಡು, ರೂಕೆರೋಲ್ ನಿಯಮದಂತೆ (ಸಿ ಋಣವಾಗದ ವ್ಯಾಪ್ತಿ ಹುಡುಕುವ ವಿಧಾನ) ನೀವೇ ವ್ಯಾಪ್ತಿ ಆರಿಸಿ. ಇನ್ನೊಂದು, ಸಿಒ2 ಅಂಕಿಯನ್ನು 1 ಬಾರ್‌ನದ್ದೇ ಮೇಲೆ ಬರೆಯುತ್ತಾರೆ. ಗ್ರಾಂಗೆ 44.8 ಸಿಸಿ (0 ಡಿಗ್ರಿ, 1 ಅಟ್ಮಾಸ್ಫಿಯರ್ ಲೆಕ್ಕದಲ್ಲಿ) ಅಂದರೆ 2 ಮಿಲಿಮೋಲ್, ನೋಡಲು ಚೆಂದ. ಆದರೆ ಕಲ್ಲಿದ್ದಲ ಸ್ಥಾವರದ ಹೊಗೆಯಲ್ಲಿ ಸಿಒ2 ಶೇ. 12–15 ಮಾತ್ರ, ಆದ್ದರಿಂದ ನೋಡಬೇಕಾದ್ದು 0.15 ಬಾರ್. ಅಲ್ಲಿಯವರೆಗೆ ಮೂರೇ ಬಿಂದು ಕೊಟ್ಟಿದ್ದರು. 0.2 ಬಾರ್ ಒಳಗೆ 8–10 ಬಿಂದು ಬೇಕೆಂದರೆ ಹಾಕುತ್ತಾರೆ, ಕೇಳಬೇಕಷ್ಟೆ. ಹೀರಿಕೆಯ ಶಾಖ (ಸಿಒ2 ಹಿಡಿಯುವಾಗ ಹೊರಬರುವ ಶಾಖ) ಬೇಕಾದರೆ 273 ಮತ್ತು 298 ಕೆಲ್ವಿನ್ ಎರಡನ್ನೂ ಒಟ್ಟಿಗೇ ಬುಕ್ ಮಾಡಿ.

ಕಳಿಸುವ ಮುನ್ನ ರಂಧ್ರದಲ್ಲಿ ಡಿಎಂಎಫ್ (ತಯಾರಿಕೆಯಲ್ಲಿ ಬಳಸುವ ದ್ರಾವಕ) ಉಳಿದಿದ್ದರೆ ಮೆಥನಾಲ್‌ನಲ್ಲಿ ಮೂರು ಸಲ ಬದಲಿಸಿ ಒಣಗಿಸಿ. ಡಿಎಂಎಫ್ ಕುದಿಯುವುದೇ 153 ಡಿಗ್ರಿಯಲ್ಲಿ, ಡಿಗ್ಯಾಸ್‌ನಲ್ಲಿ ಒತ್ತಡ ಇಳಿಯದ ಸ್ಯಾಂಪಲ್ ಇವರು ವಾಪಸ್ ಮಾಡುತ್ತಾರೆ. ಮಳೆಗಾಲದಲ್ಲಿ ಗೋವಾದಿಂದ ಕೊರಿಯರ್ ಮಾಡುವವರು ಜಿಪ್ ಕವರ್ ಬಿಟ್ಟು ಗಾಜಿನ ಸೀಸೆಯಲ್ಲಿ, ಪ್ಯಾರಾಫಿಲ್ಮ್ ಸುತ್ತಿ ಕಳಿಸಿ. 200 ಮಿಗ್ರಾಂ ಸಾಕು. ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಬಳಸಿದ ಪುಡಿ ವಾಪಸ್ ಬೇಕೆಂದು ಫಾರಂನಲ್ಲೇ ಬರೆಯಿರಿ, ಇಲ್ಲವಾದರೆ ಎಸೆದುಬಿಡುತ್ತಾರೆ, ಬಣ್ಣ ತಿರುಗಿದೆಯೋ ಇಲ್ಲವೋ ನಿಮಗೆ ಗೊತ್ತೇ ಆಗುವುದಿಲ್ಲ.